ನಿಮಗಿದು ಗೊತ್ತೆ? ಗರ್ಭಕ್ಕೆ ಮುನ್ನವೇ ಭ್ರೂಣಪರೀಕ್ಷೆ

ಗಂಡುಸಂತಾನವನ್ನೇ ವಿಶೇಷವಾಗಿ ಬಾಧಿಸುವ ಆನುವಂಶಿಕ ವ್ಯಾಧಿಗಳ ಭಯವಿದ್ದ ದಂಪತಿಗಳಿಗಾಗಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು, ದೇಹದ ಹೊರಗೆ ಫಲಿತವಾದ ಮೂರು ದಿನದ ಭ್ರೂಣದಿಂದ ಒಂದು ಜೀವಕೋಶವನ್ನು ತೆಗೆದು ಪರೀಕ್ಷಿಸಿ, ಹೆಣ್ಣುಭ್ರೂಣವನ್ನು ಗರ್ಭಾಶಯದಲ್ಲಿರಿಸಿ ಯಶಸ್ವಿಯಾದ ವೃತ್ತಾಂತವು 1990ರಲ್ಲಿ ಪ್ರಕಟವಾಯಿತು. ಇಂದು ಐದಾರು ದಿನದ ಭ್ರೂಣದ ಹೊರಪದರದಿಂದ, ಎಂದರೆ ಮುಂದೆ ಮಾಸುವಾಗಲಿರುವ ಭಾಗದಿಂದ, ಕೆಲವೇ ಕೋಶಗಳನ್ನು ತೆಗೆಯುವರು. ಶಿಶುವಾಗಲಿರುವ ಒಳಗಿನ ಕೋಶಗಳನ್ನು ಮುಟ್ಟದಿರುವುದರಿಂದ ಫಲಿತಾಂಶವು ಸರ್ವದಾ ಶಿಶುವಿನ ನಿಜಸ್ಥಿತಿಯನ್ನೇ ಸೂಚಿಸೀತೆಂಬ ಭರವಸೆಯಿಲ್ಲ. ತಂದೆತಾಯಿಗಳಿಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದಲ್ಲಿ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ರೋಗಸಂಭವವಿರುವ ಕಾರಣ ಅಂಥವರಿಗೆ ಈ ಪರೀಕ್ಷೆ ನಿಜಕ್ಕೂ ವರಪ್ರಾಯ. ಅಂಥ ಕಾರಣವಿಲ್ಲದವರು ಕೇವಲ ವರ್ಣತಂತುಗಳ ಎಣಿಕೆಗಾಗಿ ಒಪ್ಪುವ ಮುನ್ನ ತಳಿಶಾಸ್ತ್ರಜ್ಞರೊಡನೆ ಸಾವಧಾನವಾಗಿ ಸಮಾಲೋಚಿಸುವುದು ವಿಹಿತ. ನಮ್ಮ ದೇಶದಲ್ಲಿ ಭ್ರೂಣದ ಲಿಂಗವನ್ನು ಇಚ್ಛಾನುಸಾರ ಆರಿಸುವುದು ದಂಡನೀಯ ಅಪರಾಧ.