ಗಿಟಾರ್‌ವಾದನದಲ್ಲಿ ಕೈಯ ಬೇನೆ ಮತ್ತು ಅದರ ನಿವಾರಣೆ

ಗಿಟಾರ್ ನುಡಿಸುವುದನ್ನು ಎದುರಿಗೆ ಕುಳಿತು ನೋಡುವವರಿಗೆ ಅದು ಕೇವಲ ಬೆರಳುಗಳ ಕೆಲಸವೆಂದು ತೋರುವುದು ಸಹಜ. ಆದರೆ ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳುಗಳಲ್ಲಿಲ್ಲ, ಅವು ಮುಂದೋಳಿನಲ್ಲಿವೆ. ವಾಚಕರು ತಮ್ಮ ಎಡ ಮುಂದೋಳನ್ನು ಬಲಗೈಯಿಂದ ಹಿಡಿದುಕೊಂಡು ಎಡಗೈಯ ಬೆರಳುಗಳನ್ನು ಮಡಿಸಿ ಬಿಡಿಸಿದರೆ ಚರ್ಮದಡಿಯಲ್ಲಿ ಅವುಗಳ ಚಲನೆ ಸ್ಪಷ್ಟವಾಗಿ ತಿಳಿಯುವುದು. ಈ ಸ್ನಾಯುಗಳ ಸೆಳೆತವನ್ನು ಬೆರಳಿಗೆ ಒಯ್ಯುವುವು ಸ್ನಾಯುರಜ್ಜುಗಳೆಂಬ ಹುರಿಗಳು. ಇಂತಹ 9 ರಜ್ಜುಗಳೂ ಅವುಗಳೊಡನೆ ಒಂದು ಮುಖ್ಯ ನರವೂ ಮಣಿಕಟ್ಟಿನಲ್ಲಿರುವ ಇಕ್ಕಟ್ಟಾದ ಒಂದು ಸುರಂಗದ ಮೂಲಕ ಹಾದುಹೋಗಬೇಕು. ಮಣಿಕಟ್ಟು ನೇರವಾಗಿರುವಾಗ ರಜ್ಜುಗಳು ಅದರಲ್ಲಿ ಸರಾಗವಾಗಿ ಜಾರುವುವು. ಅದನ್ನು ಬಹಳವಾಗಿ ಬಗ್ಗಿಸಿದರೆ ಸುರಂಗದೊಳಗಿನ ಒತ್ತಡವೇರಿ ನರವು ಅದುಮಲ್ಪಡುವುದು.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿಯು ವೃತ್ತಿರೋಗಗಳನ್ನು ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಬರವಣಿಗೆಯ ಗುಮಾಸ್ತರ ಬೇನೆಗೆ ಮೂರು ಕಾರಣಗಳನ್ನು ಹೇಳಿದನು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸದಾ ಒಂದೇ ರೀತಿಯಲ್ಲಿ ಆಡಿಸುವುದು, ಮನಸ್ಸಿನ ಬಿಗಿತ. ಗಿಟಾರ್‌ವಾದಕನಲ್ಲಿ ಈ ಮೂರೂ ಕೂಡುತ್ತವೆ. ತಂತಿಯನ್ನು ಅದುಮುವ ಬಲವು ಅವನಿಗೆ ನಾಲ್ಕನೆಯ ಕಾರಣ. ಬಹುಮಟ್ಟಿಗೆ ಅವನ ಹತೋಟಿಯಲ್ಲಿಯೇ ಇರುವ ಈ ಕಾರಣವನ್ನು ಮೊದಲು ವಿವೇಚಿಸುತ್ತೇವೆ.

ವೀಣೆಯಲ್ಲಿರುವಂತೆ ಗಿಟಾರಿನ ದಂಡಿಯ ಮೇಲೂ ಮೆಟ್ಟಿಲುಗಳಿವೆ. ಮೆಟ್ಟಿಲಿಗೆ ತೀರ ಸಮೀಪವಾಗಿ ಬೆರಳನ್ನಿಟ್ಟರೆ ಅಲ್ಪ ಬಲದಿಂದಲೇ ಸ್ವರವು ಶುದ್ಧವಾಗಿ ಹೊಮ್ಮುವುದು. ದೂರ ಸರಿದಷ್ಟೂ ಹೆಚ್ಚು ಬಲ ಬೇಕಾಗುವುದು. ಎಷ್ಟು ಬಲ ಸಾಕೆಂಬುದನ್ನು ಪ್ರತಿಯೊಬ್ಬರೂ ಸ್ವತಃ ಪರೀಕ್ಷಿಸಬಹುದು. ತಂತಿಯನ್ನು ಬೆರಳಿನಿಂದ ಕೇವಲ ಮುಟ್ಟಿ ಮೀಟಬೇಕು. ಆಗ ಮಂದವಾದ ಸದ್ದು ಮಾತ್ರ ಬರುವುದು. ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದರೆ ಸ್ವರವು ತಿಳಿಯಾಗುವ ಒಂದು ಹಂತ ಸಿಕ್ಕುವುದು. ಅಷ್ಟು ಬಲವೇ ಸಾಕು. ಅದಕ್ಕೆ ಮೀರಿದುದು ನಾದಕ್ಕೆ ಸಲ್ಲದೆ ಕೈಯ ದಣಿವಿಗೆ ಮಾತ್ರ ಸಲ್ಲುತ್ತದೆ. ಹೊಸ ವಿದ್ಯಾರ್ಥಿಗಳು ಹೆಬ್ಬೆರಳಿನಿಂದ ದಂಡಿಯನ್ನು ಇಕ್ಕಳದಂತೆ ಹಿಡಿಯುವುದುಂಟು. ಆಗಾಗ ಹೆಬ್ಬೆರಳನ್ನು ತೆಗೆದು, ತೋಳಿನ ಭಾರದಿಂದಲೇ ತಂತಿಯನ್ನು ಒತ್ತಿ ನಾಲ್ಕಾರು ಸ್ವರಗಳನ್ನು ನುಡಿಸಿದರೆ ಈ ಅಭ್ಯಾಸವು ಕ್ರಮೇಣ ಬಿಟ್ಟುಹೋಗುವುದು.

ವಾದ್ಯದ ಆಯ್ಕೆಯೂ ಮುಖ್ಯವೇ. ಉಕ್ಕಿನ ಆರು ತಂತಿಗಳ ಒಟ್ಟು ಸೆಳೆತವು ಸಾಮಾನ್ಯವಾಗಿ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮ. ನೈಲಾನ್ ತಂತಿಗಳದು ಸುಮಾರು 40. ತಂತಿಗಳು ಮೆಟ್ಟಿಲುಗಳಿಂದ ಬಹಳ ಎತ್ತರದಲ್ಲಿರುವ ಗಿಟಾರು ಎಂತಹ ಜಾಣ ವಿದ್ಯಾರ್ಥಿಯ ಕೈಯನ್ನೂ ದಣಿಸುತ್ತದೆ. ತಿಳಿದವರಿಂದ ಆ ಎತ್ತರವನ್ನು ಸರಿಪಡಿಸಿಕೊಳ್ಳತಕ್ಕದ್ದು.

ಇನ್ನು ಕುಳಿತುಕೊಳ್ಳುವ ಭಂಗಿ. ದಂಡಿಯು ನೆಲಕ್ಕೆ ಸಮಾನಾಂತರವಾಗಿದ್ದರೆ ಎಡ ಮಣಿಕಟ್ಟು ವಿಪರೀತವಾಗಿ ಬಗ್ಗುತ್ತದೆ. ದಂಡಿಯ ತುದಿಯನ್ನು ಮೇಲಕ್ಕೆತ್ತಿದರೆ ಅದು ನೇರವಾಗುತ್ತದೆ. ಇದಕ್ಕಾಗಿಯೇ ಶಾಸ್ತ್ರೀಯ ಪದ್ಧತಿಯವರು ಎಡಗಾಲಿನ ಕೆಳಗೆ ಚಿಕ್ಕ ಮಣೆಯನ್ನಿಡುತ್ತಾರೆ. ಮಣೆಯಿಂದ ಸೊಂಟ ನೋಯುವವರು ತೊಡೆಯ ಮೇಲೆ ಮೆತ್ತೆಯನ್ನಿಟ್ಟುಕೊಳ್ಳಬಹುದು. ಹೆಗಲು ಕಿವಿಯತ್ತ ಏರದಂತೆಯೂ, ಬಲ ಮುಂದೋಳು ವಾದ್ಯದ ಅಂಚಿಗೆ ಒತ್ತಿ ಕೊಯ್ಯದಂತೆಯೂ ನೋಡಿಕೊಳ್ಳಬೇಕು.

ಅಭ್ಯಾಸದ ಕಾಲಮಾನದ ವಿಷಯದಲ್ಲಿ ಆಗುವ ತಪ್ಪು ಹೆಚ್ಚಾಗಿ ಪರೀಕ್ಷೆ, ಕಚೇರಿಗಳ ಮುನ್ನ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ ನುಡಿಸುತ್ತಿದ್ದವನು ಥಟ್ಟನೆ ನಾಲ್ಕು ಗಂಟೆ ನುಡಿಸತೊಡಗಿದರೆ ರಜ್ಜುಗಳಿಗೆ ಹೊಂದಿಕೊಳ್ಳಲು ಅವಕಾಶವೇ ಇರುವುದಿಲ್ಲ. ವೇಳೆಯನ್ನು ವಾರವಾರವೂ ಸ್ವಲ್ಪಸ್ವಲ್ಪವಾಗಿ ಏರಿಸುವುದು, ಸುಮಾರು 25 ನಿಮಿಷಗಳಿಗೊಮ್ಮೆ 5 ನಿಮಿಷ ಕೈಬಿಟ್ಟು ಕೂರುವುದು, ನಿಧಾನವಾದ ಪಾಠದಿಂದ ಆರಂಭಿಸುವುದು, ತೋರುಬೆರಳನ್ನು ಅಡ್ಡವಾಗಿಟ್ಟು ಎಲ್ಲ ತಂತಿಗಳನ್ನೂ ಒತ್ತುವ ಕಠಿಣ ಪಾಠಗಳನ್ನು ಒಂದೇ ಸಮನೆ ಮಾಡದಿರುವುದು: ಇವು ಸುಲಭವಾಗಿ ಪಾಲಿಸಬಹುದಾದ ನಿಯಮಗಳು.

ಬೆರಳತುದಿಯ ಚರ್ಮದ ಉರಿ ಆರಂಭದಲ್ಲಿ ಎಲ್ಲರಿಗೂ ಸಹಜ. ಚರ್ಮವು ಗಟ್ಟಿಯಾದ ಮೇಲೆ ಅದು ಶಮನವಾಗುತ್ತದೆ. ಆದರೆ ಮಣಿಕಟ್ಟಿನ ಅಥವಾ ಮುಂದೋಳಿನ ನೋವು ಮರುದಿನವೂ ಉಳಿದರೆ ವಾದನವನ್ನು ನಿಲ್ಲಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದರೆ ಮಣಿಕಟ್ಟಿನ ನರಕ್ಕೂ, ಕಿರುಬೆರಳು ಜೋಮು ಹಿಡಿದರೆ ಮೊಣಕೈಯ ಬಳಿಯ ನರಕ್ಕೂ ಒತ್ತಡ ಬಿದ್ದಿರಬಹುದು. ನೋವಿಲ್ಲದೆಯೇ ಬೆರಳು ಮಾತು ಕೇಳದೆ ತಾನಾಗಿ ಮಡಿಸಿಕೊಳ್ಳುವುದು ಇನ್ನೂ ಗಂಭೀರವಾದ ಲಕ್ಷಣ. ಚಲನೆಯನ್ನಾಳುವ ಮಿದುಳಿನ ವ್ಯವಸ್ಥೆಯಲ್ಲಿ ತೊಡಕುಂಟಾದಾಗ ಹೀಗಾಗುವುದುಂಟು. ಅಮೆರಿಕದ ಗಿಟಾರ್‌ವಾದಕ ಡೇವಿಡ್ ಲೈಸ್ನರ್ ಅವರು 1980ರ ದಶಕದಲ್ಲಿ ಇಂತಹುದೇ ತೊಂದರೆಯಿಂದ ವರ್ಷಗಟ್ಟಲೆ ವೇದಿಕೆಯಿಂದ ದೂರವಿರಬೇಕಾಯಿತು. ಅವರು ಬೆರಳನ್ನು ಮತ್ತಷ್ಟು ದಂಡಿಸದೆ, ಹೆಗಲು ತೋಳುಗಳ ದೊಡ್ಡ ಸ್ನಾಯುಗಳನ್ನು ಬಳಸುವ ಕ್ರಮವನ್ನು ಕಲಿತು ಮರಳಿ ವಾದನಕ್ಕೆ ಬಂದರು. ಮೇಲ್ಕಂಡ ಯಾವ ಲಕ್ಷಣ ಕಂಡರೂ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ನೋವನ್ನು ಸಹಿಸುವುದೇ ಸಾಧನೆಯೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅಧ್ಯಾಪಕರು ಇದನ್ನು ಮೊದಲ ಪಾಠದಲ್ಲಿಯೇ ಕೀಳಬೇಕು. ಸ್ವರ ತಪ್ಪಿದರೆ ತಿದ್ದುವ ಗುರುವು ಮಣಿಕಟ್ಟು ಬಗ್ಗಿದಾಗಲೂ ತಿದ್ದುವಂತಾದರೆ, ಕಲಿತ ವಿದ್ಯೆಯು ಕೈಯಲ್ಲಿ ಬಹುಕಾಲ ಉಳಿಯುವುದು.