ಒಂದೇ ತಂತಿಯ ಏಕತಾರಿ

ಗೊಬ್ಬೂರಿನ ಮಂದಿಗೆ ಏಕತಾರಿ ಹೊಸದಲ್ಲ. ಒಣಗಿದ ಸೋರೆ ಬುರುಡೆ, ಬಿದಿರ ಕೋಲು, ಒಂದೇ ತಂತಿ. ಬೆರಳು ತಾಗಿದರೆ ಸಾಕು, ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಶ್ರುತಿ ಸಿಕ್ಕಿತು. ಆಮೇಲೆ ಬೆಳಗಿನ ತನಕ ಭಜನೆ!

ಇಂಥ ವಾದ್ಯಗಳಿಗೇ ಅಂತ ಒಂದು ಮನೆಯೂ ಇದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ. ಅಲ್ಲಿ ನೂರಕ್ಕೂ ಹೆಚ್ಚು ವಾದ್ಯಗಳು. ಬಿಸ್ಮಿಲ್ಲಾ ಖಾನರ ಶಹನಾಯಿ ಎದುರು ನಿಂತರೆ ಕಾಲು ಮುಂದೆ ಹೋಗುವುದಿಲ್ಲ. ಹೊರಗೆ ನಾದದ ತೋಟ. ಮಕ್ಕಳಿಗಂತೂ ಹಬ್ಬ, ಅಲ್ಲಿರುವುದನ್ನು ಕೈಯಾರೆ ಮುಟ್ಟಿ ನುಡಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ತೋಟವೇ.

ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರಕೊಂಡು ಹೋಗಿ. ಅದಕ್ಕೂ ಮೊದಲು, ಊರಿನ ಭಜನೆಯ ಅಜ್ಜನ ಪಕ್ಕ ಕೂರಿಸಿ, ಒಮ್ಮೆ ಮಕ್ಕಳ ಕೈಲಿ ಏಕತಾರಿ ಮೀಟಿಸಿ.