ಸಲೂನು ಉಳಿಯಿತು, ಮೂರನೇ ದರ್ಜೆ ಎಲ್ಲಿ?

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಉಗಿ ಎಂಜಿನ್ನುಗಳನ್ನು ಹತ್ತಿ ಇಳಿದು ದಣಿದ ಮೇಲೆ ಅವಳು ಮಹಾರಾಣಿಯವರ ಸಲೂನಿನ ಮುಂದೆ ನಿಂತಳು. 1899ರ ಬೋಗಿ ಅದು. ಪ್ರಯಾಣದಲ್ಲೂ ಅರಮನೆಯ ಕ್ರಮಕ್ಕೆ ಭಂಗ ಬಾರದಂತೆ ಅಡುಗೆಗೆ, ಊಟಕ್ಕೆ, ಸ್ನಾನಕ್ಕೆ ಪ್ರತ್ಯೇಕ ವ್ಯವಸ್ಥೆ. ಬಹಳ ಹೊತ್ತು ನೋಡಿದ ಮೇಲೆ ಅವಳು ಕೇಳಿದಳು: ‘ತಾತ, ನೀವು ಚಿಕ್ಕವರಾಗಿದ್ದಾಗ ಇದರಲ್ಲೇ ಬೆಂಗಳೂರಿಗೆ ಹೋಗ್ತಿದ್ರಾ?’

ನನಗೆ ನಗು ಬಂತು. ಇಲ್ಲವೆಂದೆ. ‘ಹಾಗಾದ್ರೆ ನಿಮ್ಮ ಬೋಗಿ ಹೇಗಿತ್ತು?’ ಎಂಬ ಮುಂದಿನ ಪ್ರಶ್ನೆಗೆ ಮಾತ್ರ ನಾನು ಕೊಟ್ಟ ಉತ್ತರದಿಂದ ಅವಳಿಗೂ ತೃಪ್ತಿಯಾಗಲಿಲ್ಲ, ನನಗೂ ಆಗಲಿಲ್ಲ. ಮರದ ಪಟ್ಟಿ ಹೊಡೆದ ಬೆಂಚು, ಕಣ್ಣಿಗೆ ಬೀಳುವ ಕಲ್ಲಿದ್ದಲ ಕಿಡಿ, ಕಿಟಕಿಯಿಂದ ಒಳಗೆ ತೂರಿಸುವ ಟ್ರಂಕು, ಮದ್ದೂರಿನಲ್ಲಿ ಎಲೆಯ ಮೇಲೆ ಬರುವ ವಡೆ, ಶ್ರೀರಂಗಪಟ್ಟಣದ ಸೇತುವೆ ಬಂದೊಡನೆ ಕಾವೇರಿಗೆ ಕಾಸು ಎಸೆದು ಕೈಮುಗಿಯುತ್ತಿದ್ದ ನನ್ನ ಅಜ್ಜಿ. ಇವನ್ನೆಲ್ಲ ಮಾತಿನಲ್ಲಿ ಹೇಳಬಹುದು. ಆದರೆ ಮಹಾರಾಣಿಯವರ ಬೋಗಿ ಕಣ್ಣೆದುರಿಗಿತ್ತು. ಅಜ್ಜಿಯ ಬೋಗಿ ಬರೀ ಮಾತಾಗಿತ್ತು. ಮಕ್ಕಳು ಕಣ್ಣಿಗೆ ಕಂಡದ್ದನ್ನು ನಂಬುತ್ತಾರೆ.

ಈ ಎರಡೂ ಬೋಗಿಗಳು ಸ್ವತಂತ್ರ ಭಾರತಕ್ಕೆ ಬಂದದ್ದು ಒಂದೇ ಪಿತ್ರಾರ್ಜಿತವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1876–78ರ ಭೀಕರ ಕ್ಷಾಮದ ನಂತರ ನಿರ್ಮಾಣಗೊಂಡ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಸಲೂನು ತಯಾರಾದ ವರ್ಷದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಕಾಲ ಅದು. ಮುಂದೆ 1950ರಲ್ಲಿ ಸಂಸ್ಥಾನಗಳ ರೈಲುಗಳು ಕೇಂದ್ರ ಸರ್ಕಾರದ ವಶಕ್ಕೆ ಬಂದವು. 1951ರ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮತ್ತು ಮೈಸೂರು ಸಂಸ್ಥಾನದ ರೈಲ್ವೆಗಳು ಸೇರಿ ದಕ್ಷಿಣ ರೈಲ್ವೆಯಾಯಿತು. ಹಳಿ, ನಿಲ್ದಾಣ, ಕಾರ್ಯಾಗಾರ, ನೌಕರರು, ಎಂಜಿನ್ನು, ಬೋಗಿ ಎಲ್ಲವೂ ಹೊಸ ಗಣರಾಜ್ಯದ ಸ್ವತ್ತಾದವು. ಅದರಲ್ಲಿ ರಾಜರ ಸಲೂನೂ ಇತ್ತು, ಪ್ರಜೆಗಳ ಮೂರನೇ ದರ್ಜೆಯೂ ಇತ್ತು.

ಆ ಬಳಿಕ ಎರಡರ ದಾರಿ ಬೇರೆಯಾಯಿತು. ದೆಹಲಿಯಲ್ಲಿ 1977ರಲ್ಲಿ ರಾಷ್ಟ್ರೀಯ ರೈಲು ಸಂಗ್ರಹಾಲಯ ತೆರೆದಾಗ 1875ರಲ್ಲಿ ವೇಲ್ಸ್ ರಾಜಕುಮಾರನ ಭೇಟಿಗೆಂದು ತಯಾರಾದ ಸಲೂನು, ಬರೋಡದ ಗಾಯಕವಾಡರ ಸಲೂನು, ತೇಗದ ಮರದ ಮೇಲೆ ಚಿನ್ನ–ದಂತಗಳ ಕುಸುರಿಯಿರುವ ಮೈಸೂರು ಮಹಾರಾಜರ ಸಲೂನುಗಳಿಗೆಲ್ಲ ಅಲ್ಲಿ ನೆಲೆ ಸಿಕ್ಕಿತು. ಮೈಸೂರಿನ ಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. 1982ರ ಗಣರಾಜ್ಯೋತ್ಸವದಂದು ಹಳೆಯ ರಾಜಮನೆತನಗಳ ಸಲೂನುಗಳನ್ನೇ ಜೋಡಿಸಿ ‘ಪ್ಯಾಲೇಸ್ ಆನ್ ವ್ಹೀಲ್ಸ್’ ಎಂಬ ಪ್ರವಾಸಿ ರೈಲು ಹೊರಟಿತು. ಗಣರಾಜ್ಯದ ದಿನವೇ ರಾಜರ ಗಾಡಿ ಮತ್ತೆ ಹಳಿಗೆ ಬಂದದ್ದು ಕಾಕತಾಳೀಯವಿದ್ದರೂ ಅರ್ಥಪೂರ್ಣ. ಹಣವಿದ್ದವರು ಯಾರು ಬೇಕಾದರೂ ಅದನ್ನು ಹತ್ತಬಹುದಾಗಿತ್ತು. ಆ ಹಳೆಯ ಬೋಗಿಗಳು ಹೆಚ್ಚು ವರ್ಷ ತಾಳಲಿಲ್ಲ; 1990ರ ದಶಕದಲ್ಲಿ ಹೊಸ ಬೋಗಿಗಳು ಅವುಗಳ ವೇಷ ತೊಟ್ಟವು. ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ ‘ಗೋಲ್ಡನ್ ಚಾರಿಯಟ್’ ಕೂಡ ಹೊಸ ಬೋಗಿಗಳದ್ದೇ. ಅದರ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರಿಟ್ಟರು. ಹಳೆಯ ರೈಲು ಎಂದರೆ ರಾಜರದ್ದು ಎಂಬ ಭಾವನೆ ಅಷ್ಟರಮಟ್ಟಿಗೆ ನಮ್ಮಲ್ಲಿ ಬೇರೂರಿದೆ.

ಮೂರನೇ ದರ್ಜೆಯ ಕಥೆ ಬೇರೆ. ರೈಲಿನಲ್ಲಿ ಓಡಾಡಿದ ಬಹುಸಂಖ್ಯಾತರು ಅದರಲ್ಲೇ ಓಡಾಡಿದರು. ಪ್ರಯಾಣಿಕರಿಂದ ಬಂದ ಆದಾಯದ ಬಹುಪಾಲನ್ನು ಕೊಟ್ಟವರೂ ಅವರೇ. ಆದರೂ ಕನಿಷ್ಠ ಸೌಕರ್ಯಕ್ಕೂ ಅವರು ದಶಕಗಟ್ಟಲೆ ಕಾಯಬೇಕಾಯಿತು. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರು ಶೌಚಕ್ಕೆ ಇಳಿದಾಗ ಗಾಡಿ ಹೊರಟುಬಿಟ್ಟಿತೆಂದು ಸಾಹಿಬ್‌ಗಂಜ್ ಕಚೇರಿಗೆ ಬರೆದ ದೂರಿನ ಪತ್ರ ದೆಹಲಿ ಸಂಗ್ರಹಾಲಯದಿಂದಾಗಿ ಪ್ರಸಿದ್ಧವಾಗಿದೆ. ಅದರ ಇಂಗ್ಲಿಷಿಗೆ ನಾವು ನಗುತ್ತೇವೆ. ಅದರ ಹಿಂದಿನ ಅವಮಾನವನ್ನು ಮರೆಯುತ್ತೇವೆ. ಗಾಂಧೀಜಿ ಮೂರನೇ ದರ್ಜೆಯಲ್ಲೇ ದೇಶ ಸುತ್ತಿ, ಅದರ ಕೊಳಕು ಮತ್ತು ನೂಕುನುಗ್ಗಲನ್ನು ಕುರಿತು 1917ರಲ್ಲಿ ಬರೆದರು. ಆ ಹೆಸರಿನ ದರ್ಜೆ ರದ್ದಾದದ್ದು 1974ರಲ್ಲಿ. ನಮ್ಮ ಕುಟುಂಬ ಆ ವರ್ಷದಿಂದ ಎರಡನೇ ದರ್ಜೆಗೆ ಬಡ್ತಿ ಪಡೆಯಿತು. ಕುಳಿತ ಬೆಂಚು ಮಾತ್ರ ಅದೇ ಮರದ್ದು.

ಆದರೆ ಆ ಬೆಂಚಿನ ಮೇಲೆ ಇನ್ನೊಂದು ಕೆಲಸವೂ ನಡೆದಿತ್ತು. ಅಗ್ರಹಾರದಿಂದ ಬಂದ ನನ್ನ ಅಜ್ಜಿಗೆ ಮಡಿ–ಮೈಲಿಗೆಯ ಕಟ್ಟುನಿಟ್ಟು. ಮನೆಯಿಂದ ತಂದ ನೀರಲ್ಲದೆ ಬೇರೆ ಮುಟ್ಟುತ್ತಿರಲಿಲ್ಲ. ನಿಲ್ದಾಣಗಳಲ್ಲಿ ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನೀರಿಡುತ್ತಿದ್ದ ಕಾಲವನ್ನು ಕಂಡವರು ಅವರು. ಒಂದು ಸಲ ಬೇಸಿಗೆಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ನನಗೆ ವಾಂತಿಯಾಗಿ ತಂಬಿಗೆಯ ನೀರೆಲ್ಲ ಖಾಲಿಯಾಯಿತು. ಎದುರು ಕುಳಿತಿದ್ದ ಹೆಂಗಸು ಯಾರು, ಯಾವ ಜಾತಿಯೆಂದು ಕೇಳದೆ ಅಜ್ಜಿ ಅವರ ಕೈಯಿಂದ ನೀರು ತೆಗೆದುಕೊಂಡು ನನಗೆ ಕುಡಿಸಿದರು. ಮಂಡ್ಯ ಬರುವ ಹೊತ್ತಿಗೆ ತಾವೂ ಕುಡಿದರು. ಮನೆಯಲ್ಲಿ ಈ ವಿಷಯ ಹೇಳಬಾರದೆಂದು ನನಗೆ ತಾಕೀತು ಮಾಡಿದರು. ಅಡುಗೆಮನೆಯನ್ನೇ ಜೊತೆಯಲ್ಲಿ ಒಯ್ಯುವ ಸಲೂನಿನಲ್ಲಿ ಇಂಥದ್ದು ನಡೆಯುವ ಸಂಭವವೇ ಇರಲಿಲ್ಲ. ಮೂರನೇ ದರ್ಜೆ ಜಾತಿಯನ್ನು ಅಳಿಸಿತೆಂದು ನಾನು ಹೇಳುತ್ತಿಲ್ಲ. ಆದರೆ ಭುಜಕ್ಕೆ ಭುಜ ತಾಗದೆ ಕೂರಲು ಅಲ್ಲಿ ಜಾಗವಿರಲಿಲ್ಲ.

ಹಳೆಯದೆಲ್ಲ ಉಳಿಯಬೇಕಿತ್ತೆಂಬ ಹಳಹಳಿಕೆ ನನ್ನದಲ್ಲ. ಮರದ ಬೋಗಿ ಬೆಂಕಿಗೆ ಬೇಗ ತುತ್ತಾಗುತ್ತಿತ್ತು. ಅಪಘಾತದಲ್ಲಿ ಚೂರುಚೂರಾಗಿ ಪ್ರಯಾಣಿಕರನ್ನೇ ಇರಿಯುತ್ತಿತ್ತು. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರ ಅಕ್ಟೋಬರ್ 2ರಂದು ಆರಂಭವಾಗಿ ಉಕ್ಕಿನ ಬೋಗಿಗಳು ಬಂದದ್ದು ಜೀವ ಉಳಿಸಿದ ಬದಲಾವಣೆ. 1990ರ ದಶಕದಲ್ಲಿ ಮೀಟರ್ ಗೇಜ್ ಬ್ರಾಡ್‌ಗೇಜ್ ಆದಾಗ ನಮ್ಮ ಮಾರ್ಗದ ಹಳೆಯ ಬೋಗಿಗಳಿಗೆ ಓಡಲು ಹಳಿಯೇ ಇಲ್ಲವಾಯಿತು. ಅವು ಗುಜರಿಗೆ ಹೋದದ್ದು ಸಹಜ.

ಪಿತ್ರಾರ್ಜಿತ ಬೋಗಿಗಳನ್ನು ಓಡಿಸಿಕೊಂಡೇ ಉಳಿಸಿದ ದೇಶವೂ ಇದೆ. ಕೆನಡಾದ ರಾಷ್ಟ್ರೀಯ ಪ್ರಯಾಣಿಕ ಸಂಸ್ಥೆ ವಯಾ ರೈಲ್, ಖಾಸಗಿ ಕೆನಡಿಯನ್ ಪೆಸಿಫಿಕ್ ಕಂಪನಿಯಿಂದ 1978ರಲ್ಲಿ ಪಡೆದ ಬೋಗಿಗಳು ಟೊರಾಂಟೊ–ವ್ಯಾಂಕೂವರ್ ನಡುವೆ ಇಂದಿಗೂ ಓಡುತ್ತಿವೆ. ನಮ್ಮ ಪೆರಂಬೂರು ಕಾರ್ಖಾನೆ ಶುರುವಾದ 1955ರಲ್ಲೇ ಸೇವೆಗೆ ಬಂದ ಬೋಗಿಗಳವು. ತುಕ್ಕು ಹಿಡಿಯದ ಉಕ್ಕಿನ ಕವಚ ಅವುಗಳ ದೀರ್ಘಾಯುಷ್ಯದ ಒಂದು ಗುಟ್ಟು. ಉಗಿಯ ಬದಲು ವಿದ್ಯುತ್ತಿನಿಂದ ಬಿಸಿಯಾಗುವಂತೆ ಪೂರ್ತಿ ನವೀಕರಿಸಿದ್ದು ಇನ್ನೊಂದು. ಆದರೂ 2022ರಲ್ಲಿ ಅವುಗಳ ಕಟ್ಟೋಣದ ಗಟ್ಟಿತನದ ಬಗ್ಗೆ ಸಂಶಯ ಬಂದು, ರೈಲಿನ ತುದಿಯಲ್ಲಿ ಪ್ರಯಾಣಿಕರಿಲ್ಲದ ಖಾಲಿ ಬೋಗಿಗಳನ್ನು ಸೇರಿಸಬೇಕಾಯಿತು. ಹಳೆಯ ಬೋಗಿಯಲ್ಲಿ ಜನರನ್ನು ಕೂರಿಸುವುದೆಂದರೆ ಸದಾ ಪರೀಕ್ಷಿಸುತ್ತಿರಬೇಕಾದ ಹೊಣೆ. ನಮ್ಮ ಮರದ ಬೋಗಿಗಳಿಗೆ ಆ ದಾರಿ ಇರಲಿಲ್ಲ. ಅವುಗಳಲ್ಲಿ ಕೆಲವನ್ನಾದರೂ ಸಲೂನುಗಳಷ್ಟೇ ಅಕ್ಕರೆಯಿಂದ ನಿಲ್ಲಿಸಿ, ಅವುಗಳ ಕಥೆಯನ್ನೂ ಅಷ್ಟೇ ಅಭಿಮಾನದಿಂದ ಹೇಳಬಹುದಾಗಿತ್ತು.

ಈ ಮಾತು ಈಗ ಹೇಳಲು ಕಾರಣವಿದೆ. ಇಂಥದೇ ಇನ್ನೊಂದು ವಿದಾಯ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಆರು ದಶಕಗಳ ಕಾಲ ದೇಶವನ್ನು ಹೊತ್ತ ಹಳೆಯ ಮಾದರಿಯ ಬೋಗಿಗಳ ತಯಾರಿಕೆಯನ್ನು ಪೆರಂಬೂರಿನ ಕಾರ್ಖಾನೆ 2018ರ ಜನವರಿಯಲ್ಲಿ ನಿಲ್ಲಿಸಿತು. ಅಪಘಾತದಲ್ಲಿ ಒಂದರ ಮೇಲೊಂದು ಏರದ, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು ಅವುಗಳ ಸ್ಥಾನಕ್ಕೆ ಬರುತ್ತಿವೆ. ಬರಲೇಬೇಕು. ನಿವೃತ್ತವಾದ ಹಳೆಯವುಗಳಲ್ಲಿ ಕೆಲವು ಕಾರು ಸಾಗಿಸುವ ವ್ಯಾಗನ್‌ಗಳಾಗಿವೆ, ಕೆಲವು ನಿಲ್ದಾಣದ ಆವರಣದಲ್ಲಿ ಹೋಟೆಲುಗಳಾಗಿವೆ, ಉಳಿದವು ಗುಜರಿಗೆ ಹೋಗುತ್ತಿವೆ. ಹೋಟೆಲಾದ ಬೋಗಿಯಲ್ಲಿ ದೋಸೆ ಚೆನ್ನಾಗಿರಬಹುದು. ಆದರೆ ಅದರಲ್ಲಿ ಬರ್ತ್ ಇಲ್ಲ, ಸರಪಳಿ ಇಲ್ಲ, ಪ್ರಯಾಣದ ಗುರುತೇ ಇಲ್ಲ.

ರೈಲ್ವೆಗೆ ನನ್ನ ಕೋರಿಕೆ ಸಣ್ಣದು. ಒಂದೊಂದು ವಲಯದಲ್ಲೂ ಒಂದು ಸಾಮಾನ್ಯ ದರ್ಜೆಯ, ಒಂದು ಸ್ಲೀಪರ್ ದರ್ಜೆಯ ಬೋಗಿಯನ್ನು ಇದ್ದ ಹಾಗೆಯೇ ಉಳಿಸಲಿ. ಮೂರು ಭಾಷೆಯ ಎಚ್ಚರಿಕೆಯ ಫಲಕ, ಸಾಮಾನು ಕಟ್ಟುವ ಕೊಂಡಿ, ಸವೆದ ಆಸನ, ಕಿಟಕಿಯ ಸರಳು, ಯಾರೋ ಗೀಚಿದ ಹೆಸರು ಎಲ್ಲವೂ ಇರಲಿ. ಹೊಸ ಬಣ್ಣ ಬಳಿಯುವ ಉತ್ಸಾಹ ಬೇಡ. ಅದರಲ್ಲಿ ಎಷ್ಟು ಜನರಿಗೆ ಜಾಗವಿತ್ತು, ನಿಜಕ್ಕೂ ಎಷ್ಟು ಜನ ಹತ್ತುತ್ತಿದ್ದರು ಎಂದು ಪಕ್ಕದಲ್ಲಿ ಬರೆಯಲಿ. ಗುಜರಿಯ ತೂಕದಲ್ಲಿ ಎರಡು ಬೋಗಿ ಕಡಿಮೆಯಾದರೆ ಇಲಾಖೆ ಬಡವಾಗುವುದಿಲ್ಲ.

ಸಂಗ್ರಹಾಲಯದಿಂದ ಹೊರಡುವಾಗ ಮೊಮ್ಮಗಳು ಇನ್ನೊಮ್ಮೆ ಸಲೂನಿನ ಕಡೆ ತಿರುಗಿ ನೋಡಿದಳು. ಮಹಾರಾಣಿಯವರ ನೆನಪು ಅವಳಿಗೆ ಉಳಿಯಲಿ. ಅದೂ ನಮ್ಮದೇ ಚರಿತ್ರೆ. ಆದರೆ ಗುರುತಿಲ್ಲದ ಹೆಂಗಸೊಬ್ಬರ ಕೈಯಿಂದ ಅವಳ ಮುತ್ತಜ್ಜಿಯ ಅಮ್ಮ ನೀರು ಪಡೆದ ಆ ಬೆಂಚೂ ನಮ್ಮ ಚರಿತ್ರೆಯೇ. ಅದನ್ನು ನಾನು ಅವಳಿಗೆ ಮಾತಿನಲ್ಲಿ ಮಾತ್ರ ಕೊಡಬಲ್ಲೆ. ಅವಳು ತನ್ನ ಮಕ್ಕಳಿಗೆ ತೋರಿಸಲು ಒಂದು ಬೋಗಿಯಾದರೂ ಇರಲಿ.